ಮಕ್ಕಳ ಕೈಗೆ ಸೌಟು ಕೊಡುವ ಕ್ರಮ: ಚಟ್ನಿ ಪುಡಿಯಿಂದ ಜೋಳದ ರೊಟ್ಟಿವರೆಗೆ

ಜೂನ್ ಬಂದು ಶಾಲೆ ಶುರುವಾಯಿತೆಂದರೆ ಗಂಗಾವತಿಯ ನಮ್ಮ ಓಣಿಯ ಕಟ್ಟೆ ಮೇಲೆ ಪ್ರತಿ ವರ್ಷ ಒಂದೇ ಮಾತು. "ರಜಾದಾಗ ಹುಡುಗ್ರಿಗೆ ಅಡಿಗಿ ಕಲಿಸಬೇಕು ಅಂತ ಮಾಡಿದ್ದೆ. ಎರಡು ದಿನಕ್ಕ ಬಿಟ್ವು ನೋಡ್ರಿ." ಮೊದಲು ಏನು ಕಲಿಸಿದಿರಿ ಅಂತ ಕೇಳಿದರೆ ಉತ್ತರವೂ ಒಂದೇ. ಚಹಾ, ಇಲ್ಲವೇ ರೊಟ್ಟಿ. ತಪ್ಪಿರುವುದು ಅಲ್ಲೇ. ಚಹಾ ಅಂದರೆ ಉಕ್ಕುವ ಹಾಲು. ರೊಟ್ಟಿ ಅಂದರೆ ದೊಡ್ಡವರಿಗೇ ವರ್ಷಗಟ್ಟಲೆ ಹಿಡಿಯುವ ಕೈಚಳಕ. ಇವೆರಡರಿಂದ ಶುರು ಮಾಡಿದ ಮಗು ಮೂರನೇ ದಿನ ಅಡುಗೆಮನೆ ಕಡೆ ತಲೆ ಹಾಕದಿದ್ದರೆ ಮಗುವನ್ನು ಬಯ್ಯುವುದು ಸುಮ್ನೆ.

ನಾನೂ ಹಾಗೇ ಕೆಡಿಸಿದವಳು. ಮಗಳಿಗೆ ಎಂಟು ತುಂಬಿದ ವರ್ಷ ಚಹಾ ಮಾಡಲು ನಿಲ್ಲಿಸಿದೆ. ಹಾಲು ಉಕ್ಕಿ ಬರ್ನರ್ ಆರಿತು. ನಾನು ಕೂಗಿದ ಕೂಗಿಗೆ ಅವಳು ಇಕ್ಕಳ ಅಲ್ಲೇ ಬಿಟ್ಟು ಹೊರಗೆ ಓಡಿದಳು. ಆಮೇಲೆ ಎರಡು ತಿಂಗಳು ನೀರು ಕುಡಿಯುವುದಕ್ಕೆ ಮಾತ್ರ ಒಳಗೆ ಬರುತ್ತಿದ್ದಳು. ಮತ್ತೆ ಅವಳನ್ನು ಒಳಗೆ ಕರೆತಂದದ್ದು ಒಂದು ಬಟ್ಟಲು ಶೇಂಗಾ ಚಟ್ನಿ ಪುಡಿ. ಈಗ ಅವಳಿಗೆ ಹನ್ನೆರಡು. ರಾತ್ರಿ ಊಟ ಪೂರ್ತಿ ಮಾಡುತ್ತಾಳೆ. ಕೆಳಗೆ ಬರೆದ ಕ್ರಮ ಅವಳ ಜತೆಗೂ ನನ್ನ ಅಕ್ಕನ ಮಗನ ಜತೆಗೂ ಕೆಲಸ ಮಾಡುತ್ತಾ ತಿದ್ದಿಕೊಂಡದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಹಂತದಲ್ಲೂ ಅಂದಿನ ರಾತ್ರಿ ತಾಟಿನಲ್ಲಿ ಒಂದು ಪದಾರ್ಥ ಪೂರ್ತಿ ಮಗುವಿನದೇ ಆಗಿರಬೇಕು. ಬಳ್ಳೊಳ್ಳಿ ಸುಲಿದುಕೊಡು, ಕೊತ್ತಂಬರಿ ತೊಳೆದುಕೊಡು ಅಂತ ಚಿಲ್ಲರೆ ಕೆಲಸ ಹಚ್ಚಿದರೆ ಮಗುವಿಗೆ ತಾನು ಅಡುಗೆ ಮಾಡಿದೆ ಅಂತ ಅನಿಸುವುದೇ ಇಲ್ಲ. ಪುಟ್ಟ ಬಟ್ಟಲಾದರೂ ಸರಿ, ಶುರುವಿನಿಂದ ಕೊನೆವರೆಗೆ ಅದರದ್ದೇ ಆಗಲಿ.

## ಶುರು ಮಾಡುವ ಮುನ್ನ ಬೇಕಾದದ್ದು

ಸಾಮಾನು. ಮಗುವಿನ ಕೈಗೆ ಹಿಡಿಯುವ ಸಣ್ಣ ಚಾಕು, ಮರದ ಕತ್ತರಿಸುವ ಹಲಗೆ, ಹಿಡಿಕೆ ಇರುವ ದಪ್ಪ ತಳದ ಸಣ್ಣ ಬಾಂಡಲಿ, ಅದಕ್ಕೆ ಕೂರುವ ಮುಚ್ಚಳ, ಉದ್ದ ಹಿಡಿಕೆಯ ಸೌಟು, ಇಕ್ಕಳ, ಎರಡು ಒಣ ಹತ್ತಿ ಬಟ್ಟೆ. ಅಳತೆಗೆ ಯಾವಾಗಲೂ ಒಂದೇ ಸ್ಟೀಲ್ ಗ್ಲಾಸು. ದಿನಕ್ಕೊಂದು ಲೋಟ ಬದಲಾದರೆ ಅನ್ನ ದಿನಕ್ಕೊಂದು ಥರ ಆಗುತ್ತದೆ.

ಎತ್ತರ. ಒಲೆ ಇರುವ ಕಟ್ಟೆ ಮಗುವಿನ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ಎಟುಕದಿದ್ದರೆ ಅಗಲವಾದ, ಅಲ್ಲಾಡದ ಮಣೆ ಹಾಕಿ. ಪ್ಲಾಸ್ಟಿಕ್ ಸ್ಟೂಲ್ ಬೇಡ. ಮಗುವಿಗೆ ಎಟುಕಲಿ ಅಂತ ಗ್ಯಾಸ್ ಒಲೆಯನ್ನು ನೆಲಕ್ಕೆ ಇಳಿಸುವವರಿದ್ದಾರೆ. ಅದು ತಪ್ಪು. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿರಬೇಕು.

ಹೊತ್ತು. ಒಲೆ ಮೇಲೆ ಗಾಳಿ ಬೀಸಬಾರದು, ಹಾಗಾಗಿ ಫ್ಯಾನ್ ಆರಿಸಲೇಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನ ಫ್ಯಾನ್ ಇಲ್ಲದೆ ನಿಂತ ಮಗುವಿಗೆ ಅಡುಗೆ ಅಂದರೇನೇ ಬೇಸರ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಶಾಲೆ ದಿನಗಳಲ್ಲಿ ಮಧ್ಯಾಹ್ನ ಬಿಸಿಯೂಟವೋ ಡಬ್ಬಿಯೋ ಆಗಿರುತ್ತದೆ. ಎಲ್ಲರೂ ಒಟ್ಟಿಗೆ ಕೂರುವುದು ರಾತ್ರಿಯೇ ಆದ್ದರಿಂದ ಮಗುವಿನ ಪದಾರ್ಥವೂ ರಾತ್ರಿಗೇ ಬರಲಿ. ವಾರಕ್ಕೆ ಎರಡು ದಿನ ಸಾಕು.

ವಯಸ್ಸು. ಆರರಿಂದ ಎಂಟು ವರ್ಷದವರಿಗೆ ಮೊದಲ ಎರಡು ಹಂತ. ಒಂಬತ್ತು, ಹತ್ತಕ್ಕೆ ಮೂರು ಮತ್ತು ನಾಲ್ಕು. ಉಳಿದದ್ದು ಹನ್ನೊಂದರ ಮೇಲೆ. ಇದು ನನ್ನ ಲೆಕ್ಕ. ಹೇಳಿದ ಮಾತು ಕೇಳಿ ನಿಲ್ಲುವ ಮಗುವಾದರೆ ಸ್ವಲ್ಪ ಬೇಗ, ಚಡಪಡಿಸುವ ಮಗುವಾದರೆ ಸ್ವಲ್ಪ ತಡ.

## ದೊಡ್ಡವರು ಮೊದಲು ಒಪ್ಪಬೇಕಾದ ಕಟ್ಟುಪಾಡು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಒಲೆಯ ಮುಂದೆ ಅಲ್ಲ, ತಾಟಿನ ಮುಂದೆ.

ಮೊದಲನೆಯದು, ಸೌಟು ಕಸಿಯಬಾರದು. ಅಪಾಯ ಕಂಡರೆ ಒಲೆ ಆರಿಸಿ, ಅಷ್ಟೇ. ಉಳ್ಳಾಗಡ್ಡಿ ದಪ್ಪ ಆಯಿತು, ಅರಿಶಿನ ಜಾಸ್ತಿ ಆಯಿತು ಅನ್ನುವುದೆಲ್ಲ ಅಪಾಯ ಅಲ್ಲ. ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ, ಹಾಗಾಗಿ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಎರಡನೆಯದು, ಮೂರು ತುತ್ತು ಉಣ್ಣುವವರೆಗೆ ಯಾರೂ ರುಚಿಯ ಮಾತು ಎತ್ತಬಾರದು. "ಉಪ್ಪು ಭಾಳ ಕಮ್ಮಿ ಆಗೈತಿ" ಅನ್ನುವ ಒಂದೇ ಮಾತು ಒಂದು ಗಂಟೆಯ ಕೆಲಸವನ್ನು ಕೆಡಿಸುತ್ತದೆ. ಇದಕ್ಕೆ ಸುಲಭ ದಾರಿ ಇದೆ. ಮಗುವಿಗೆ ಉಪ್ಪು ಸ್ವಲ್ಪ ಕಡಿಮೆಯೇ ಹಾಕಲು ಹೇಳಿಕೊಡಿ. ಊಟಕ್ಕೆ ಕೂರುವಾಗ ಉಪ್ಪಿನ ಬಟ್ಟಲು ನಡುವೆ ಇಡಿ. ಬೇಕಾದವರು ಹಾಕಿಕೊಳ್ಳಲಿ.

ಮೂರನೆಯದು, ಗಂಡು ಹುಡುಗ ಅಂತ ಬಿಡಬಾರದು. ಅಕ್ಕನ ಮಗ ಹಲಗೆ ಮುಂದೆ ಕುಳಿತ ದಿನ ನನ್ನ ಅತ್ತೆ, "ಗಂಡು ಹುಡುಗಗ ಯಾಕವ್ವ ಈ ಕೆಲಸ" ಅಂದರು. ನಾನು ವಾದ ಮಾಡಲಿಲ್ಲ. ಅವನು ಮಾಡಿದ ಪಚಡಿಯನ್ನು ಅವರ ತಾಟಿಗೇ ಮೊದಲು ಬಡಿಸಿದೆ. ಎರಡನೇ ಸಲ ಅವರೇ ಕೇಳಿ ಹಾಕಿಸಿಕೊಂಡರು.

ಊಟದ ಹೊತ್ತಿಗೆ ಟಿವಿ ಬಂದ್, ಫೋನ್ ಬೇರೆ ಕೋಣೆಯಲ್ಲಿ. ಮಗು ತಾನು ಮಾಡಿದ್ದನ್ನು ಬಡಿಸುವಾಗ ಅಪ್ಪ ಫೋನ್ ನೋಡುತ್ತಾ ಕೈ ಚಾಚಿದರೆ ಅದಕ್ಕೆ ತಿಳಿಯದೇ ಇರುತ್ತದೆಯೇ?

## ಹಂತ 1: ಒಲೆ ಇಲ್ಲ, ಚಾಕು ಇಲ್ಲ. ಶೇಂಗಾ ಚಟ್ನಿ ಪುಡಿ

ಇದರಿಂದ ಶುರು ಮಾಡುವುದಕ್ಕೆ ಕಾರಣ ಇದೆ. ಮಾಡಿದ್ದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಡಬ್ಬಿಯಲ್ಲಿ ವಾರ, ಹದಿನೈದು ದಿನ ಇರುತ್ತದೆ. ಅಷ್ಟೂ ದಿನ ರೊಟ್ಟಿ ಜತೆ ಮಗುವಿನ ಕೈರುಚಿ ತಾಟಿನಲ್ಲಿ ಇರುತ್ತದೆ.

ಒಂದು ಗ್ಲಾಸು ಶೇಂಗಾ ನೀವು ಹುರಿದುಕೊಡಿ. ಉರಿ ಸಣ್ಣದಿರಲಿ. ಆರಿದ ಮೇಲೆ ಎಲ್ಲ ಕೆಲಸ ಮಗುವಿನದು. ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಬೇಕು, ಮೊರದಲ್ಲಿ ಹಾಕಿ ಊದಬೇಕು. ಸಿಪ್ಪೆ ಅಡುಗೆಮನೆ ತುಂಬ ಹಾರುತ್ತದೆ, ಅಂಗಳಕ್ಕೆ ಕಳಿಸಿ. ಆಮೇಲೆ ಎಂಟು ಎಸಳು ಬಳ್ಳೊಳ್ಳಿ, ಅರ್ಧ ಚಮಚ ಜೀರಿಗೆ, ಒಂದು ಚಮಚ ಉಪ್ಪು, ಎರಡು ಚಮಚ ಖಾರದ ಪುಡಿ, ಚೂರು ಬೆಲ್ಲ. ಮೊದಲು ಬಳ್ಳೊಳ್ಳಿ, ಜೀರಿಗೆ, ಉಪ್ಪು ಕುಟ್ಟಬೇಕು. ಆಮೇಲೆ ಖಾರ, ಬೆಲ್ಲ. ಕೊನೆಗೆ ಶೇಂಗಾ. ಈ ಕ್ರಮ ತಿರುವುಮುರುವಾದರೆ ಬಳ್ಳೊಳ್ಳಿ ಇಡಿಯಾಗಿ ಉಳಿದು ಬಾಯಿಗೆ ಸಿಗುತ್ತದೆ.

ಖಾರಕ್ಕೆ ಮಕ್ಕಳ ಕೈಗೆ ಬ್ಯಾಡಗಿ ಪುಡಿ ಕೊಡಿ. ಬಣ್ಣ ಚೆನ್ನಾಗಿ ಬರುತ್ತದೆ, ಉರಿ ಕಡಿಮೆ. ಗುಂಟೂರು ಪುಡಿ ಆಮೇಲೆ ನೋಡೋಣ.

ಎಡವುವ ಜಾಗ: ಮಿಕ್ಸಿಗೆ ಹಾಕಿ ಗರ್ರ್ ಅಂತ ಒಂದೇ ಸಮ ತಿರುಗಿಸುವುದು. ಶೇಂಗಾ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ. ಕುಟ್ಟುವ ಕಲ್ಲಿದ್ದರೆ ಅದೇ ಒಳ್ಳೆಯದು. ಮಿಕ್ಸಿ ಆದರೆ ತಡೆದು ತಡೆದು ಐದಾರು ಸಲ, ಅದೂ ಗುಂಡಿ ನಿಮ್ಮ ಕೈಯಲ್ಲಿರಲಿ. ಪುಡಿ ಜಾರಿನ ಅಂಚಿಗೆ ಅಂಟಲು ಶುರುವಾಯಿತೆಂದರೆ ನಿಲ್ಲಿಸುವ ಸೂಚನೆ.

ಕೈ ಉರಿ ಬಂದರೆ: ಬರೀ ನೀರಿನಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ, ಯಾಕೆಂದರೆ ಮೆಣಸಿನ ಖಾರ ನೀರಿಗೆ ಕರಗುವಂಥದ್ದಲ್ಲ. ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಕಣ್ಣಿಗೆ ತಾಗಿದರೆ ಮಾತ್ರ ಎಣ್ಣೆ, ಸೋಪು ಯಾವುದೂ ಬೇಡ. ಶುದ್ಧ ನೀರು, ತುಂಬ ಹೊತ್ತು.

ಎರಡು ಸಲ ಪುಡಿ ಮಾಡಿದ ಮೇಲೆ ಅಳತೆ ನೀವು ಹೇಳಬೇಡಿ. ಮಗುವೇ ನೆನಪಿಸಿಕೊಂಡು ಸಾಮಾನು ಜೋಡಿಸಿದರೆ ಮುಂದಿನ ಹಂತಕ್ಕೆ ಹೋಗಬಹುದು.

## ಹಂತ 2: ಚಾಕು. ಪಚಡಿ

ಮೊಂಡು ಚಾಕು ಕೊಟ್ಟರೆ ಕೈ ಕುಯ್ಯುವುದಿಲ್ಲ ಅಂತ ಹೆಚ್ಚಿನವರ ನಂಬಿಕೆ. ನಿಜ ಏನೆಂದರೆ ಮೊಂಡು ಚಾಕು ಟಮಾಟಿ ಸಿಪ್ಪೆ ಮೇಲೆ ಜಾರುತ್ತದೆ, ಮಗು ಇನ್ನೂ ಒತ್ತುತ್ತದೆ, ಜಾರಿದ ಚಾಕು ಬೆರಳಿಗೆ ಬರುತ್ತದೆ. ಸಣ್ಣದಾಗಿರಲಿ, ಆದರೆ ಹರಿತವಾಗಿರಲಿ. ಈಳಿಗೆ ಈಗಲೇ ಬೇಡ.

ಹಲಗೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಅದು ಸರಿಯುವುದಿಲ್ಲ. ಕಾಯಿ ಹಿಡಿದ ಕೈಯ ಬೆರಳ ತುದಿ ಒಳಗೆ ಮಡಚಿರಬೇಕು, ಲಾಡು ಹಿಡಿದ ಹಾಗೆ. ಮೊದಲ ದಿನ ಸೌತೆಕಾಯಿ. ಉದ್ದಕ್ಕೆ ಎರಡು ಹೋಳು ನೀವು ಮಾಡಿಕೊಡಿ. ಚಪ್ಪಟೆ ಭಾಗ ಕೆಳಗೆ ಬರುವಂತೆ ಇಟ್ಟರೆ ಉರುಳುವುದಿಲ್ಲ. ಉಳ್ಳಾಗಡ್ಡಿಗೂ ಇದೇ ಲೆಕ್ಕ. ಗುಂಡಗಿರುವ ಯಾವುದನ್ನೂ ಮಗು ಹಾಗೇ ಕತ್ತರಿಸಬಾರದು.

ಸೌತೆಕಾಯಿ, ಉಳ್ಳಾಗಡ್ಡಿ, ಚೂರು ಮೆಂತ್ಯ ಸೊಪ್ಪು, ಎರಡು ಚಮಚ ಮೊದಲ ಹಂತದ ಚಟ್ನಿ ಪುಡಿ, ಮೇಲೆ ಮೊಸರು. ಪಚಡಿ ಆಯಿತು. ಉಪ್ಪು ಊಟಕ್ಕೆ ಕೂರುವ ಹೊತ್ತಿಗೇ ಹಾಕಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬಟ್ಟಲಲ್ಲಿ ಕೆರೆ ಆಗುತ್ತದೆ.

ನಿಲ್ಲಿಸುವ ಸೂಚನೆ: ಕತ್ತರಿಸುವಾಗ ಮಗು ಮಾತಾಡುತ್ತಾ ನಿಮ್ಮ ಮುಖ ನೋಡಿದರೆ ಚಾಕು ಕೆಳಗಿಡಿಸಿ. ಮಾತು ಮುಗಿಯಲಿ, ಆಮೇಲೆ ಕೈ ಓಡಲಿ.

## ಹಂತ 3: ಬೆಂಕಿಯ ಪಾಠ. ಬರೀ ನೀರು

ಈ ಹಂತದಲ್ಲಿ ತಿನ್ನಲು ಏನೂ ಆಗುವುದಿಲ್ಲ. ತಾಟಿಗೆ ಪಚಡಿಯೇ ಬರಲಿ. ಒಂದು ಸಂಜೆ ಇದಕ್ಕೆ ಮೀಸಲಿಡಿ.

ಮಾಡಿಸಬೇಕಾದ್ದು ಇಷ್ಟು. ಕೂದಲು ಕಟ್ಟು, ದುಪಟ್ಟಾ ತೆಗೆದಿಡು, ತೋಳು ಮಡಚು. ನೈಲಾನ್ ಬಟ್ಟೆ ಬೇಡ, ಹತ್ತಿ ಇರಲಿ. ರೆಗ್ಯುಲೇಟರ್ ತೆರೆ. ಲೈಟರ್ ಬರ್ನರ್ ಹತ್ತಿರ ಹಿಡಿ, ಆಮೇಲೆ ಗುಂಡಿ ತಿರುಗಿಸು. ಎಷ್ಟೋ ಮಕ್ಕಳು ಮೊದಲು ಗ್ಯಾಸ್ ಬಿಟ್ಟು ಆಮೇಲೆ ಲೈಟರ್ ಹುಡುಕುತ್ತಾರೆ. ಭಗ್ ಅಂತ ಹತ್ತಿದರೆ ಹೆದರಿಕೆ ಜನ್ಮಕ್ಕೆ ಹೋಗುವುದಿಲ್ಲ. ಬಾಂಡಲಿಯಲ್ಲಿ ಎರಡು ಗ್ಲಾಸು ನೀರು ಇಟ್ಟು ಉರಿ ದೊಡ್ಡದು, ನಡುವಿನದು, ಸಣ್ಣದು ಮಾಡಿ ನೋಡಲಿ. ಮುಚ್ಚಳ ತೆಗೆಯುವಾಗ ಆಚೆ ಕಡೆಯಿಂದ ಎತ್ತಬೇಕು, ಹಬೆ ಮುಖಕ್ಕೆ ಬರದ ಹಾಗೆ. ಹಿಡಿಕೆ ಕಟ್ಟೆಯಿಂದ ಹೊರಗೆ ಚಾಚಬಾರದು. ಇಕ್ಕಳದಲ್ಲಿ ಹಿಡಿದು ಇಳಿಸುವುದನ್ನು ಮೊದಲು ತಣ್ಣನೆ ಪಾತ್ರೆಯಲ್ಲಿ ಹತ್ತು ಸಲ ಮಾಡಿಸಿ. ಹಿಡಿಯುವ ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದರೆ ಹಬೆ ಎದ್ದು ಕೈ ಸುಡುತ್ತದೆ.

ಆಪತ್ತಿನ ಪಾಠವೂ ಇದೇ ಸಂಜೆ ಮುಗಿಯಲಿ.

ಕೈ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ ಯಾವುದೂ ಬೇಡ. ಇಲ್ಲಿ ನಮ್ಮ ಊರಿನ ತೊಂದರೆ ಒಂದಿದೆ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸಂಜೆಯಾದರೂ ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಸುಟ್ಟ ಕೈಯನ್ನು ಆ ನಲ್ಲಿ ಕೆಳಗೆ ಹಿಡಿದು ಏನು ಪ್ರಯೋಜನ? ಅದಕ್ಕೆ ಮಗು ಒಲೆ ಮುಂದೆ ನಿಲ್ಲುವ ದಿನ ನೆರಳಿನಲ್ಲಿ ಒಂದು ಕೊಡ ತಣ್ಣೀರು, ಒಂದು ಚೊಂಬು ಮೊದಲೇ ಇಟ್ಟಿರಿ. ಚೊಂಬಿನಿಂದ ಸುರಿಯುತ್ತಾ ಇರಿ. ಮುಖ ಸುಟ್ಟರೆ, ಬೊಬ್ಬೆ ಎದ್ದರೆ, ಮಗುವಿನ ಅಂಗೈಗಿಂತ ದೊಡ್ಡ ಜಾಗ ಸುಟ್ಟರೆ ಆಸ್ಪತ್ರೆಗೆ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಮುಚ್ಚಳ ಮುಚ್ಚು, ಗ್ಯಾಸ್ ಆರಿಸು, ದೊಡ್ಡವರನ್ನು ಕೂಗು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬಾರದು. ಹಾಕುವುದೂ ಬೇಡ, ಆರಿಸುವುದೂ ಬೇಡ. ಮಗು ಮಾಡಬೇಕಾದ್ದು ಹೊರಗೆ ಹೋಗಿ ದೊಡ್ಡವರಿಗೆ ಹೇಳುವುದು ಮಾತ್ರ. ದೊಡ್ಡವರು ರೆಗ್ಯುಲೇಟರ್ ಮುಚ್ಚಿ ಬಾಗಿಲು ತೆರೆಯಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು. ಸೋರಿಕೆ ದೂರಿಗೆ 1906ಕ್ಕೆ ಕರೆ ಮಾಡಬಹುದು. ಆ ನಂಬರನ್ನು ಗೋಡೆ ಮೇಲೆ ಬರೆದಿಡಿ.

## ಹಂತ 4: ಮೊದಲ ಒಗ್ಗರಣೆ. ಮಂಡಾಳು ಒಗ್ಗರಣಿ

ಮಂಡಾಳು ಅಂದರೆ ಮಂಡಕ್ಕಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಗುವಿಗೆ ಒಲೆ ಮೇಲಿನ ಮೊದಲ ಅಡುಗೆ ಇದೇ ಆಗಬೇಕು ಅಂತ ನನ್ನ ಹಟ. ಇದರಲ್ಲಿ ಬೇಯಿಸುವುದು ಅಂತ ಹೆಚ್ಚೇನೂ ಇಲ್ಲ. ಹೆಚ್ಚು ಕಡಿಮೆಯಾದರೂ ತಿನ್ನಲು ಬರುತ್ತದೆ. ಹೋಟೆಲ್‌ನಲ್ಲಿ ಮಿರ್ಚಿ ಜತೆ ತಿಂದ ರುಚಿ ಮಗುವಿನ ನಾಲಿಗೆಯಲ್ಲಿ ಇರುವುದರಿಂದ ಎಲ್ಲಿಗೆ ಮುಟ್ಟಬೇಕು ಅನ್ನುವುದು ಅದಕ್ಕೆ ಗೊತ್ತಿರುತ್ತದೆ. ಮಿರ್ಚಿ ಮಾತ್ರ ಕೇಳಬಾರದು, ಕರಿಯುವುದು ಈ ಪಾಠದಲ್ಲಿ ಇಲ್ಲವೇ ಇಲ್ಲ.

ನಾಲ್ಕು ಜನಕ್ಕೆ ಎಂಟು ಗ್ಲಾಸು ಮಂಡಾಳು, ಎರಡು ಉಳ್ಳಾಗಡ್ಡಿ, ಒಂದು ಟಮಾಟಿ, ಮೂರು ಹಸಿಮೆಣಸಿನಕಾಯಿ, ಕರಿಬೇವು, ಸಾಸಿವೆ, ಜೀರಿಗೆ, ಅರಿಶಿನ, ಉಪ್ಪು, ಮೂರು ಚಮಚ ಎಣ್ಣೆ, ನಾಲ್ಕು ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು, ಕೊತ್ತಂಬರಿ. ಎಂಟು ಗ್ಲಾಸು ಕೇಳಿ ಹೆದರಬೇಡಿ. ನೆನೆದ ಮೇಲೆ ಅರ್ಧಕ್ಕೂ ಕಡಿಮೆ ಆಗುತ್ತದೆ.

ಕ್ರಮ ಹೀಗಿರಲಿ.

1. ಎಲ್ಲ ಸಾಮಾನು ಕತ್ತರಿಸಿ, ಅಳೆದು, ತಾಟಿನಲ್ಲಿ ಸಾಲಾಗಿ ಇಟ್ಟ ಮೇಲೇ ಒಲೆ ಹಚ್ಚಬೇಕು. ಎಣ್ಣೆ ಕಾದ ಮೇಲೆ ಕರಿಬೇವು ಹುಡುಕುವ ಮಗುವಿನ ಸಾಸಿವೆ ಖಂಡಿತ ಸೀಯುತ್ತದೆ.

2. ಮೆಣಸಿನಕಾಯಿ, ಕರಿಬೇವು ಬಟ್ಟೆಯಲ್ಲಿ ಒರೆಸಿರಬೇಕು. ಎಣ್ಣೆ ಸಿಡಿಯುವುದು ನೀರಿನಿಂದ. ಮೆಣಸಿನಕಾಯಿ ಸೀಳಿರಬೇಕು, ಇಡಿಯಾಗಿ ಹಾಕಿದರೆ ಒಡೆದು ಹಾರುತ್ತದೆ.

3. ಬಾಂಡಲಿ ಪೂರ್ತಿ ಒಣಗಿದ ಮೇಲೆ ಎಣ್ಣೆ. ನಡು ಉರಿ. ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಬೇಕು. ಸುಮ್ಮನೆ ಮುಳುಗಿದರೆ ಕಾಯಬೇಕು. ತಕ್ಷಣ ಸಿಡಿದರೆ ಉಳಿದದ್ದು ಹಾಕಿ ಮುಚ್ಚಳ ಅರ್ಧ ಅಡ್ಡ ಹಿಡಿಯಬೇಕು. ಸದ್ದು ನಿಂತ ಮೇಲೆ ಉರಿ ಸಣ್ಣದು ಮಾಡಿ ಜೀರಿಗೆ, ಮೆಣಸಿನಕಾಯಿ, ಕರಿಬೇವು. ಎಣ್ಣೆಯಿಂದ ಹೊಗೆ ಎದ್ದರೆ ಅದು ಎಚ್ಚರಿಕೆ, ಒಲೆ ಆರಿಸಿ ಒಂದು ನಿಮಿಷ ಕಾಯಲಿ.

4. ಉಳ್ಳಾಗಡ್ಡಿ, ಚಿಟಿಕೆ ಅರಿಶಿನ, ಉಪ್ಪು. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಟಮಾಟಿ. ಟಮಾಟಿ ಕರಗಿದ ಮೇಲೆ ಒಲೆ ಆರಿಸಬೇಕು.

5. ಈಗ ಮಂಡಾಳು. ದೊಡ್ಡ ಪಾತ್ರೆಯಲ್ಲಿ ನೀರು, ಅದರಲ್ಲಿ ಹಿಡಿ ಹಿಡಿಯಾಗಿ ಅದ್ದಿ, ಒತ್ತಿ ತೆಗೆದು, ಎರಡೂ ಅಂಗೈ ನಡುವೆ ಹಿಂಡಬೇಕು.

ಇಡೀ ಅಡುಗೆ ನಿಂತಿರುವುದು ಈ ಐದನೆಯ ಕೆಲಸದ ಮೇಲೆ. ಅಕ್ಕನ ಮಗ ಮೊದಲ ಸಲ ಎಂಟೂ ಗ್ಲಾಸು ಒಟ್ಟಿಗೆ ನೀರಿಗೆ ಸುರಿದು, ಉಳ್ಳಾಗಡ್ಡಿ ಕತ್ತರಿಸಲು ಕುಳಿತ. ಬಂದು ನೋಡುವಷ್ಟರಲ್ಲಿ ಪಾತ್ರೆಯಲ್ಲಿ ಗಂಜಿ. ಎರಡನೇ ಸಲ ಹೆದರಿ ಹಗುರವಾಗಿ ಹಿಂಡಿದ. ಬಾಂಡಲಿಗೆ ಹಾಕಿದ ಮೇಲೆ ಅಡಿಯಲ್ಲಿ ನೀರು ನಿಂತಿತು. ಮೂರನೇ ಸಲ ಅವನ ಅಂಗೈ ನೋಡುತ್ತಾ ನಿಂತೆ. ಅದ್ದಿದ, ಎಣಿಸಿದ, ಎತ್ತಿದ, ಹಿಂಡಿದ. ಬೆರಳ ಸಂದಿಯಿಂದ ನೀರು ಇಳಿದು ನಿಂತ ಮೇಲೆ ಅಂಗೈ ತೆರೆದರೆ ಮುಷ್ಟಿಯ ಆಕಾರದ ಉಂಡೆ. ಬೆರಳಲ್ಲಿ ತಟ್ಟಿದರೆ ಕಾಳು ಕಾಳಾಗಿ ಬಿಟ್ಟುಕೊಂಡಿತು. ಅದೇ ಗುರುತು. ಉಂಡೆ ಬಿಡದೆ ಅಂಟಿಕೊಂಡಿದ್ದರೆ ಜಾಸ್ತಿ ನೆನೆದಿದೆ. ಉಂಡೆಯೇ ಆಗದೆ ಉದುರಿದರೆ ಕಡಿಮೆ ನೆನೆದಿದೆ. ಎಷ್ಟು ಎಣಿಸಬೇಕು ಅಂತ ನಾನು ಹೇಳುವುದಿಲ್ಲ. ಒಂದೊಂದು ಅಂಗಡಿಯ ಮಂಡಾಳು ಒಂದೊಂದು ಥರ. ಮೊದಲ ಹಿಡಿಯಲ್ಲಿ ಮಗುವೇ ಕಂಡುಕೊಳ್ಳಲಿ.

6. ಹಿಂಡಿದ್ದನ್ನು ಬಾಂಡಲಿಗೆ ಉದುರಿಸಿ, ಮತ್ತೆ ಸಣ್ಣ ಉರಿ ಹಚ್ಚಿ, ಅಡಿಯಿಂದ ಮೇಲಕ್ಕೆ ಕಲಸಬೇಕು. ಎರಡು ನಿಮಿಷ. ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ.

ಸ್ವಲ್ಪ ನೀರು ಉಳಿದಿದ್ದರೆ ಪುಟಾಣಿ ಹಿಟ್ಟು ಒಂದು ಚಮಚ ಜಾಸ್ತಿ ಹಾಕಿದರೆ ಹೀರಿಕೊಳ್ಳುತ್ತದೆ. ಈ ಗುಟ್ಟನ್ನು ಮೊದಲೇ ಹೇಳಬೇಡಿ. ಕೆಟ್ಟಿತು ಅಂತ ಮಗು ಅಳುವ ಹೊತ್ತಿಗೆ ಹೇಳಿಕೊಡಿ. ಕೆಟ್ಟದ್ದನ್ನು ಸರಿ ಮಾಡಬಹುದು ಅಂತ ಕಂಡ ಮಗು ಮತ್ತೆ ಬರುತ್ತದೆ.

## ಹಂತ 5: ಅನ್ನ, ಬೇಳೆ

ತುಂಗಭದ್ರಾ ಎಡದಂಡೆ ಕಾಲುವೆ ಕಡೆಯವರಿಗೆ ಅಕ್ಕಿಗೆ ಬರ ಇಲ್ಲ. ಆದರೆ ಮನೆಗೆ ಬಂದ ಚೀಲ ಹಳೆಯದೋ ಹೊಸದೋ ಅಂತ ಮಗುವಿಗೆ ಹೇಳದೆ ನೀರಿನ ಅಳತೆ ಕಲಿಸಿದರೆ ಅನ್ನ ಒಂದು ದಿನ ಮುದ್ದೆ, ಒಂದು ದಿನ ಕಾಳು. ಸೋನಾ ಮಸೂರಿ ಹಳೆಯದಾದರೆ ಒಂದು ಗ್ಲಾಸಿಗೆ ಎರಡೂವರೆ ಗ್ಲಾಸು ನೀರು. ಹೊಸದಾದರೆ ಎರಡೇ. ಚೀಲ ಬದಲಾದ ದಿನ ಅಕ್ಕಿ ಡಬ್ಬಿ ಮೇಲೆ ಮಗುವಿನ ಕೈಯಲ್ಲೇ ಈ ಲೆಕ್ಕ ಬರೆಸಿ.

ಗಂಜಿ ಬಸಿಯುವ ಅನ್ನ ಮಕ್ಕಳಿಗೆ ಬೇಡ. ಕುದಿಯುವ ಪಾತ್ರೆ ಬಗ್ಗಿಸುವ ಕೆಲಸ ಅದು. ಅಕ್ಕಿ ಎರಡು ಮೂರು ಸಲ ತೊಳೆದು 15 ನಿಮಿಷ ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಅಳತೆ ನೀರಿನ ಜತೆ ಇಡಲಿ. ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣದು, ಮುಚ್ಚಳ ಮುಚ್ಚಿ 12ರಿಂದ 15 ನಿಮಿಷ. ಮೇಲೆ ನೀರು ಕಾಣದೆ ಸಣ್ಣ ಸಣ್ಣ ತೂತು ಬಿದ್ದರೆ ಆರಿಸಬೇಕು. ಆಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು. ಮಕ್ಕಳಿಗೆ ಅತಿ ಕಷ್ಟದ್ದು ಈ ಹತ್ತು ನಿಮಿಷವೇ. ಆ ಹೊತ್ತಿಗೆ ತಾಟು ಹಾಕಿಸಿ.

ಬೇಳೆಗೆ ಕುಕ್ಕರ್ ಬೇಕು. ಕುಕ್ಕರ್ ಮುಚ್ಚುವುದು, ತೆರೆಯುವುದು ನಿಮ್ಮ ಕೆಲಸ. ಮಗು ಹದಿಮೂರು ದಾಟಲಿ. ಅರ್ಧ ಗ್ಲಾಸು ತೊಗರಿಬೇಳೆ, ಒಂದೂವರೆ ಗ್ಲಾಸು ನೀರು, ಅರಿಶಿನ, ಹನಿ ಎಣ್ಣೆ ಹಾಕುವವರೆಗೆ ಮಗು ಮಾಡಲಿ. ಬೇಳೆ ನೊರೆ ಬರುವ ಪದಾರ್ಥ. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು, ನೊರೆ ಸೀಟಿಯ ತೂತಿಗೆ ಅಡ್ಡ ಬರುತ್ತದೆ. ಹಬೆ ಪಕ್ಕದಿಂದ ಸೋರುತ್ತಾ ಸೀಟಿ ಬಾರದಿದ್ದರೆ ರಬ್ಬರ್ ನೋಡಿ. ಸೀಟಿಯೂ ಇಲ್ಲ, ಹಬೆಯೂ ಇಲ್ಲ ಅಂದರೆ ಒಲೆ ಆರಿಸಿ ದೂರ ನಿಲ್ಲಿ. ಹಬೆ ತಾನಾಗಿ ಇಳಿಯುವವರೆಗೆ ಕೈ ಹಚ್ಚಬಾರದು.

ಬೆಂದ ಬೇಳೆ ಕಡೆದು ಒಗ್ಗರಣೆ ಕೊಡುವುದು ಮಗುವಿಗೆ ಈಗ ಹೊಸದಲ್ಲ. ಒಂದೇ ಮಾತು ನೆನಪಿಸಿ. ಕಾದ ಎಣ್ಣೆಗೆ ಬೇಳೆ ಸುರಿಯಬಾರದು, ಬೇಳೆಗೆ ಒಗ್ಗರಣೆ ಹಾಕಬೇಕು, ಅದೂ ಸೌಟಿನಿಂದ.

ಉಳಿದ ಅನ್ನ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಅಗಲ ತಾಟಿನಲ್ಲಿ ಆರಿಸಿ ಫ್ರಿಜ್ಜಿಗೆ. ಫ್ರಿಜ್ಜಿಲ್ಲದ ಮನೆಯಲ್ಲಿ ಅಳೆದೇ ಮಾಡುವುದು ಕಲಿಸಿ.

## ಹಂತ 6: ಜೋಳದ ರೊಟ್ಟಿ

ಕೊನೆಗೆ ಇಟ್ಟದ್ದು ಬೇಕೆಂದೇ. ಗೋಧಿ ಹಿಟ್ಟಿನ ಜಿಗುಟು ಜೋಳದಲ್ಲಿ ಇಲ್ಲ. ಅದನ್ನು ಹಿಡಿದಿಡುವುದು ಕುದಿಯುವ ಎಸರು. ಎಸರು ಕುದಿಯದೆ ಬರೀ ಬಿಸಿ ಇದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ, ಮಗು ತನ್ನ ಕೈ ಸರಿಯಿಲ್ಲ ಅಂದುಕೊಳ್ಳುತ್ತದೆ.

ಹಿಟ್ಟು ಹೊಸದಾಗಿ ಬೀಸಿದ್ದಿರಲಿ. ತಿಂಗಳ ಹಿಂದಿನ ಹಿಟ್ಟಿನಲ್ಲಿ ನಮ್ಮ ಅತ್ತೆಯ ಕೈಗೂ ರೊಟ್ಟಿ ಒಡೆಯುತ್ತದೆ. ಒಂದು ಗ್ಲಾಸು ಹಿಟ್ಟಿಗೆ ಮುಕ್ಕಾಲು ಗ್ಲಾಸಿನಷ್ಟು ಎಸರು ಇಟ್ಟುಕೊಳ್ಳಿ. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ, ಎಸರು ನೀವು ಸುರಿಯಿರಿ, ಚಮಚದಲ್ಲಿ ಮಗು ಕಲಸಲಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಂದು ರೊಟ್ಟಿಯಷ್ಟು ಹಿಟ್ಟು ಮಾತ್ರ ಒಂದು ಸಲಕ್ಕೆ. ಉಂಡೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಅಂಚು ಬಿರಿಯದಿದ್ದರೆ ನಾದಿದ್ದು ಸಾಕು.

ಮೊದಲ ತಿಂಗಳು ಅಂಗೈ ಅಗಲದ ರೊಟ್ಟಿ. ದೊಡ್ಡವರ ಅಳತೆಗೆ ಹೋಗಿ ಹರಿದು ಬೇಸರ ಮಾಡಿಕೊಳ್ಳುವುದೇ ಎಲ್ಲರ ಕಥೆ. ಕೆಳಗೆ ಒಣ ಹಿಟ್ಟು ಧಾರಾಳವಾಗಿರಲಿ. ತಟ್ಟುವಾಗ ರೊಟ್ಟಿ ತಾನೇ ತಿರುಗುತ್ತಾ ಹೋಗಬೇಕು. ತಿರುಗುವುದು ನಿಂತರೆ ಕೆಳಗೆ ಅಂಟಿದೆ ಅಂತ ಅರ್ಥ.

ಹಂಚಿನ ಮೇಲೆ ಹಾಕುವುದು ಆರಂಭದಲ್ಲಿ ನಿಮ್ಮ ಕೆಲಸ. ಹಿಟ್ಟು ಹತ್ತಿದ ಬದಿ ಮೇಲೆ ಬರಬೇಕು. ಒದ್ದೆ ಬಟ್ಟೆಯಿಂದ ನೀರು ಸವರುವುದು ಮಗುವಿಗೆ ಬಿಡಿ, ಆದರೆ ಬಟ್ಟೆ ದೊಡ್ಡದಿರಲಿ, ಬೆರಳು ಹಂಚಿಗೆ ತಾಗದಿರಲಿ. ನೀರಿನ ಹೊಳಪು ಹೋದ ಕೂಡಲೇ ತಿರುವಬೇಕು. ಹೊಳಪಿದ್ದಾಗಲೇ ತಿರುವಿದರೆ ಹಂಚಿಗೆ ಹತ್ತುತ್ತದೆ, ಪೂರ್ತಿ ಒಣಗುವವರೆಗೆ ಬಿಟ್ಟರೆ ಬಿರುಕು ಬೀಳುತ್ತದೆ. ಈ ಒಂದು ಕ್ಷಣ ಹಿಡಿಯುವುದಕ್ಕೆ ಮಗಳಿಗೆ ಐದು ತಿಂಗಳು ಬೇಕಾಯಿತು. ಅಷ್ಟು ದಿನ ಅವಳ ರೊಟ್ಟಿ ಉಬ್ಬಲಿಲ್ಲ. ಉಬ್ಬದ ರೊಟ್ಟಿಯನ್ನು ಮುರಿದು ಮಜ್ಜಿಗೆಗೆ ಹಾಕಿಕೊಂಡು ನನ್ನ ಅತ್ತೆ ಉಂಡರು. ಹಲ್ಲಿಲ್ಲದವರಿಗೆ ಅದೇ ಹಿತವಂತೆ.

## ಹಂತ 7: ಒಂದು ರಾತ್ರಿಯ ಪೂರ್ತಿ ಊಟ

ಅನ್ನ, ಬೇಳೆ, ಪಚಡಿ, ಚಟ್ನಿ ಪುಡಿ. ಮೊದಲ ಸಲ ರೊಟ್ಟಿ ಸೇರಿಸಬೇಡಿ. ಬೇರೆ ಬೇರೆಯಾಗಿ ಎಲ್ಲ ಬರುವ ಮಗುವೂ ಇಲ್ಲಿ ತಡವರಿಸುತ್ತದೆ, ಯಾಕೆಂದರೆ ಯಾವುದು ಮೊದಲು ಅಂತ ಗೊತ್ತಿರುವುದಿಲ್ಲ. ಹಾಳೆ ಮೇಲೆ ಬರೆಸಿ, ಗಡಿಯಾರ ಕಾಣುವ ಕಡೆ ಅಂಟಿಸಿ. ನಮ್ಮ ಮನೆಯ ಹಾಳೆ ಹೀಗಿದೆ:

7.00: ಬೇಳೆ, ಅಕ್ಕಿ ತೊಳೆದು ನೆನೆಸುವುದು.
7.05: ಪಚಡಿಗೆ, ಒಗ್ಗರಣೆಗೆ ಎಲ್ಲ ಕತ್ತರಿಸುವುದು.
7.25: ಕುಕ್ಕರ್ ಅಮ್ಮ ಇಡುವುದು.
7.35: ಅನ್ನಕ್ಕೆ ಇಡುವುದು.
8.00: ಅನ್ನ ಆರಿಸುವುದು, ಮುಚ್ಚಳ ಮುಟ್ಟದಿರುವುದು.
8.05: ಬೇಳೆಗೆ ಒಗ್ಗರಣೆ.
8.15: ಪಚಡಿಗೆ ಮೊಸರು, ಉಪ್ಪು. ರೆಗ್ಯುಲೇಟರ್ ಬಂದ್. ಎಲ್ಲರನ್ನೂ ಕರೆಯುವುದು.

ಮೊದಲ ಸಲ ಅರ್ಧ ಗಂಟೆ ತಡ ಆಗುತ್ತದೆ ಅಂತ ಇಟ್ಟುಕೊಳ್ಳಿ. ಹಸಿವು ತಾಳದವರಿಗೆ ಏಳು ಗಂಟೆಗೇ ಬಾಳೆಹಣ್ಣು ಕೊಟ್ಟಿರಿ, ಇಲ್ಲದಿದ್ದರೆ "ಆತೇನು, ಆತೇನು" ಅಂತ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ಬಡಿಸುವುದೂ ಮಗುವೇ. ಅಂದು ಅದರ ತಾಟಿಗೆ ನೀವು ಬಡಿಸಿ. ಪಾತ್ರೆ ತೊಳೆಯುವ ಸರದಿ ಅಂದು ಮಗುವಿಗೆ ಇಲ್ಲ. ನಮ್ಮಲ್ಲಿ ಮೂರು ತುತ್ತಿನ ಒಳಗೆ ಬಾಯಿ ಬಿಟ್ಟವರು ತೊಳೆಯಬೇಕು ಅಂತ ಮಾಡಿದ್ದೇವೆ. ಮೊದಲ ವಾರ ಎರಡು ಸಲವೂ ಮನೆಯವರೇ ತೊಳೆದರು.